ಒಳಕೋಣೆಯ ಅಳು

ನಮ್ಮೂರು ಸಂಖದಿಂದ ಬುಟ್ಟಿ ಹೊತ್ತು ಊರೂರು ಅಲೆದು ಬಳೆ ಇಡಿಸುವುದು ನನ್ನ ಕಸುಬು. ಕೈ ಹಿಂಡಿ ಬಳೆ ಏರಿಸುವಾಗ ಮುಖ ಕಿವಿಚದ ಹುಡುಗಿಯೆಂದರೆ ಸೊರಡಿಯ ಬಾಳಾಬಾಯಿಯ ಮಗಳು ಸ್ವಪ್ನಾಲಿ ಒಬ್ಬಳೇ.

೨೦೦೯ರ ಬೇಸಿಗೆಯಲ್ಲಿ, ಅವಳ ಮದುವೆಯ ಹಿಂದಿನ ದಿನ, ಹಸಿರು ಬಳೆಯೊಂದು ಒಡೆದು ಅವಳ ಮಣಿಕಟ್ಟಿಗೆ ನಾಟಿತು. ರಕ್ತ ಹರಿದರೂ ಅವಳು ನಗುತ್ತಲೇ ಮಾತಾಡುತ್ತಿದ್ದಳು. ಆಗ ಒಳಕೋಣೆಯಲ್ಲಿ ಎಳೆಗೂಸೊಂದು ಸಣ್ಣಗೆ ಅತ್ತಿತು.

"ಕೂಸು ಯಾರ್ದ, ಬಾಳಾಬಾಯಿ?" ಎಂದೆ.

"ಮನ್ಯಾಗ ಕೂಸಿಲ್ರಿ, ಬಿಬಿಜಾನಕ್ಕಾ. ಇಕಿ ಏಳ ತಿಂಗಳಿಗೇ ಹುಟ್ಟಿದಾಕಿ. ಅಂಗೈಯಷ್ಟ ಇದ್ದಾಗ ದವಾಖಾನ್ಯಾಗ ಇಕಿ ಹೊಟ್ಟಿ ಕೊಯ್ದ್ರು. ಅವತ್ತ ಅತ್ತಾಕಿ ಮತ್ತ ಅತ್ತೇ ಇಲ್ಲ. ಒಲಿ ಸುಟ್ರೂ ತಿಳಿಯಂಗಿಲ್ಲ. ಒಳಗ ಅದು ಅತ್ತಾಗ ನಾ ಓಡಿ ಬಂದು ಇಕಿಗೆ ಎಲ್ಲಿ ಪೆಟ್ಟಾಗೇತಂತ ನೋಡ್ತೀನಿ. ನಾಳಿ ಗಂಡನೂರು ಮುಚ್ಚಂಡ್ಯಾಗ ಯಾರ ನೋಡ್ತಾರ?"

"ಅದನ್ನೂ ನನ್ನ ಟ್ರಂಕಿನ್ಯಾಗ ಇಟ್ಟ ಕಳಸ, ಯವ್ವಾ," ಎಂದು ಸ್ವಪ್ನಾಲಿ ನಕ್ಕಳು.

ನಾನು ಒಳಗೆ ಹೋಗಿ ನೋಡಿದೆ. ಮಡಿಸಿಟ್ಟ ಕೌದಿಗಳ ಹೊರತು ಏನೂ ಇರಲಿಲ್ಲ. ಆ ಉರಿಬಿಸಿಲಲ್ಲೂ ಅವು ಒದ್ದೆ ಮಣ್ಣಿನಂತೆ ತಣ್ಣಗಿದ್ದವು.

ನಾಗರಪಂಚಮಿಗೆ ಮುಂಚೆ ಮತ್ತೆ ಹೋದೆ. ಮಗಳು ತವರಿಗೆ ಬರುವಳೆಂದು ಬಾಳಾಬಾಯಿ ಬಳೆ ಆರಿಸುತ್ತಿದ್ದಳು. ಒಳಗೆ ಅಳು ಎದ್ದಿತು. ನಿಲ್ಲಬಹುದೆಂದು ಇಬ್ಬರೂ ಕಾದೆವು. ಅದು ಏರುತ್ತಲೇ ಹೋಯಿತು. ಬಾಳಾಬಾಯಿ ಬರಿಗಾಲಲ್ಲೇ ಮುಚ್ಚಂಡಿಯ ಬಸ್ಸಿಗೆ ಓಡಿದಳು.

"ನೀವ ಇಲ್ಲೇ ಕುಂದ್ರಿ ಅಕ್ಕಾ, ಅದೊಂದನ್ನ ಬಿಟ್ಟ ಹೋಗಬ್ಯಾಡ್ರಿ," ಎಂದು ಹೋಗುತ್ತಲೇ ಹೇಳಿದಳು.

ನಾನು ಕೌದಿಗಳ ಪಕ್ಕದಲ್ಲಿ ಕುಳಿತೆ. ಬಾಳಾಬಾಯಿ ಇನ್ನೂ ದಾರಿಯಲ್ಲೇ ಇದ್ದಿರಬೇಕು, ಆಗ ಅಳು ಒಮ್ಮೆಲೇ ನಿಂತಿತು. ಕೈ ಇಟ್ಟು ನೋಡಿದೆ. ಆಗಷ್ಟೇ ಯಾರೋ ಕೂಸನ್ನು ಎತ್ತಿಕೊಂಡು ಹೋದಂತೆ ಕೌದಿ ಬೆಚ್ಚಗಿತ್ತು.