ತೊಟ್ಟಿಲಲ್ಲಿ ಗುಡುಗು

ನಾಯಕಿ ತೊಟ್ಟಿಲು ತೂಗಿದಳು. ಸೌಂಡ್ ಹುಡುಗಿ ಕಂಪ್ಯೂಟರಿನಲ್ಲಿ ‘ಮಗುವಿನ ಅಳು’ ಒತ್ತಿದಳು. ತೊಟ್ಟಿಲಿನಿಂದ ಗುಡುಗು ಬಂತು!

ರಂಗಮಂದಿರವೆಲ್ಲ ಬೆಚ್ಚಿತು. ‘ರೈಲು’ ಒತ್ತಿದರೆ ಮಗು ಅತ್ತಿತು. ‘ಗುಡುಗು’ ಒತ್ತಿದರೆ ಕುದುರೆ ಓಡಿತು. ಸಂಜೆಗೇ ಮೊದಲ ಪ್ರದರ್ಶನ.

“ನಿನ್ನ ಕೆಲಸ ಇವತ್ತಿಗೆ ಮುಗೀತು. ಹೊರಡು,” ಎಂದರು ನಿರ್ದೇಶಕರು.

ಹುಡುಗಿ ಮತ್ತೊಮ್ಮೆ ಒತ್ತಿ ನೋಡಿದಳು. ಬೆಳಿಗ್ಗೆ ಎಲ್ಲ ಸರಿಯಿತ್ತಲ್ಲ? ಇದು ಅವಳ ಮೊದಲ ನಾಟಕ.

“ತಾಳಿ ಸಾರ್. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀಬೇಡಿ.” ದೀಪಗಳನ್ನು ನೋಡಿಕೊಳ್ಳುವ ಲೈಟಕ್ಕ ಏಣಿಯಿಂದ ಇಳಿದಳು. “ಊಟದ ಹೊತ್ತಲ್ಲಿ ಇಲ್ಲಿ ಯಾರಿದ್ರು?”

ಎಲ್ಲರೂ ನಾಯಕನನ್ನು ನೋಡಿದರು. ನಿನ್ನೆ ತಾನೇ ಅವನಿಗೂ ಹುಡುಗಿಗೂ ಜಟಾಪಟಿಯಾಗಿತ್ತು.

“ನನಗೆ ಮೊಬೈಲಲ್ಲಿ ಅಲಾರಾಂ ಇಡೋಕೇ ಬರಲ್ಲ ಕಣಕ್ಕ,” ಎಂದ ಅವನು.

“ಇಷ್ಟೂ ಹೆಸರು ಒಟ್ಟಿಗೆ ಬದಲಾಯಿಸೋದು ಹೇಗೆ?” ಲೈಟಕ್ಕ ಹುಡುಗಿಯತ್ತ ತಿರುಗಿದಳು.

“ಟರ್ಮಿನಲ್ ಅಂತ ಈ ಕಪ್ಪು ಪರದೆ ಇದೆಯಲ್ಲ, ಇದರ ಎಡಿಟರಲ್ಲಿ. ಫೈಲುಗಳ ಹೆಸರು ನಾಟಕದ ಕ್ರಮದಲ್ಲೇ ಸಾಲಾಗಿ ಬರುತ್ತೆ. ಮೊದಲ ಸಾಲು ಮೊದಲ ಫೈಲಿಗೆ, ಎರಡನೇದು ಎರಡನೇದಕ್ಕೆ. ತಿದ್ದಿ ಸೇವ್ ಮಾಡಿದ್ರೆ ಎಲ್ಲಾ ಒಂದೇ ಸಲ ಬದಲಾಗುತ್ತೆ. ಸಾಲು ಕಮ್ಮಿಯಾದ್ರೆ ಮಾತ್ರ ಒಪ್ಪಲ್ಲ. ನಿನ್ನೆ ಸಾರ್‌ಗೂ ತೋರಿಸಿದ್ದೆ.”

ಲೈಟಕ್ಕ ಆ ಕಪ್ಪು ಪರದೆಗೆ ಮೂಗು ತಾಗಿಸಿ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಅರಳಿತು.

“ಹೊಟ್ಟೆಕಿಚ್ಚಿನವರಾದ್ರೆ ಎಲ್ಲಾ ಕಲಸಿಬಿಡ್ತಿದ್ರು. ಇಲ್ಲಿ ಕುದುರೆಯಿಂದಾಚೆ ಪ್ರತಿ ಸದ್ದಿಗೂ ಅದರ ಮುಂದಿನದರ ಹೆಸರು. ಅಂದ್ರೆ, ಯಾರೋ ‘ಕುದುರೆ’ ಸಾಲು ಅಳಿಸಿದ್ದಾರೆ. ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹತ್ತಿವೆ. ಇವತ್ತು ಕುದುರೆ ದೃಶ್ಯ ಬೇಡ ಅಂದವರ್ಯಾರು?”

ನಿರ್ದೇಶಕರು ಕೆಮ್ಮಿದರು. “ನಾನೇ. ಆದ್ರೆ—”

“ಸಾಲು ಕಮ್ಮಿ ಅಂತ ಕಂಪ್ಯೂಟರ್ ತಕರಾರು ತೆಗೀತು. ಕೊನೇಲಿ ಏನೋ ಬರೆದು ಸಮ ಮಾಡಿದ್ರಿ. ಆ ಕೊನೇ ಫೈಲನ್ನ ಯಾರೂ ಒತ್ತಿ ನೋಡಲೇ ಇಲ್ಲ.”

ಅವಳು ಒತ್ತಿದಳು. ಕಾಣೆಯಾಗಿದ್ದ ರೈಲು ಅಬ್ಬರಿಸಿಕೊಂಡು ಬಂತು. ಅದರ ಹೆಸರು—‘ಶುಭಂ’.

ಬರೆದ ಪ್ರತಿ ನಾಟಕದ ಕೊನೆಗೂ ಶುಭಂ ಹಾಕುವವರು ಆ ತಂಡದಲ್ಲಿ ಒಬ್ಬರೇ.

“ನಾಟಕದಲ್ಲಿ ಬೇಡದ ಸಾಲು ಹೊಡೆಯೋ ಹಾಗೆ ಹೊಡೆದೆ,” ಎಂದರು ನಿರ್ದೇಶಕರು ಮೆಲ್ಲಗೆ. “ಕುದುರೆ ಹೊರಟುಹೋಗುತ್ತೆ ಅಂದ್ಕೊಂಡೆ.”

ಹುಡುಗಿ ಕುದುರೆಯನ್ನು ಅದರ ಜಾಗದಲ್ಲಿ ಬರೆದಳು, ‘ಶುಭಂ’ ಅಳಿಸಿದಳು, ಸೇವ್ ಮಾಡಿದಳು. ತೊಟ್ಟಿಲಲ್ಲಿ ಮಗು ಅತ್ತಿತು. ಅವಳಿಗೆ ಹೋದ ಜೀವ ಬಂದಂತಾಯಿತು. ಆದರೂ ಬ್ಯಾಗು ಹೆಗಲಿಗೇರಿಸಿದಳು.

“ಈಗ ಹೊರಡ್ಲಾ ಸಾರ್?”

ನಿರ್ದೇಶಕರು ತಾವೇ ಕುರ್ಚಿ ಎಳೆದು ಅವಳ ಮುಂದಿಟ್ಟರು.

“ಕೂತ್ಕೊಳ್ಳಮ್ಮ. ಇನ್ನು ನನ್ನನ್ನ ಇದರ ಹತ್ರ ಬಿಡಬೇಡ.”