ಲೂರ್ದುವಿನ ಹನ್ನೆರಡು ಗಂಟೆ

"ತಾತ, ಗಡಿಯಾರ ಏನಾದ್ರೂ ನಿಂತೋಗಿದ್ಯಾ? ಆಗ್ಲೂ ಹನ್ನೊಂದೂಕಾಲು, ಈಗ್ಲೂ ಹನ್ನೊಂದೂಕಾಲು!"

ಲೂರ್ದು ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಚೌರಪ್ಪ ತಾತ ತಲೆ ಎತ್ತಲಿಲ್ಲ. ಚರ್ಚಿನ ಹಿಂದುಗಡೆ ಕಲ್ಲಿನ ಒಲೆ ಮೇಲೆ ದೊಡ್ಡ ಡಬರಿಯಲ್ಲಿ ಬೇಳೆ ಕುದಿಯುತ್ತಿತ್ತು. ಅವರು ಉದ್ದನೆ ಸೌಟಿನಲ್ಲಿ ಅದನ್ನು ತಿರುವುತ್ತಿದ್ದರು.

"ನೀನು ಹಿಂಗೆ ನಿಮಿಷಕ್ಕೊಂದ್ಸಲ ಹೋಗಿ ಮುಖ ನೋಡ್ತಾ ಇದ್ರೆ ಅದಕ್ಕೂ ನಾಚ್ಕೆ ಆಗಲ್ವೇನಮ್ಮ? ತಗೋ, ಈ ಮಜ್ಜಿಗೆ ಜಗ್ಗು ಮುಂದ್ಗಡೆ ಕೊಟ್ಟು ಬಾ. ಹನ್ನೆರಡು ಎಲ್ಲಿಗೂ ಓಡೋಗಲ್ಲ."

ಓಡಿಹೋಗಲ್ಲ ಅಂತ ತಾತ ಸುಲಭವಾಗಿ ಹೇಳಿಬಿಟ್ಟರು. ಲೂರ್ದುವಿಗೆ ಮಾತ್ರ ಒಂದು ಕಡೆ ನಿಲ್ಲೋಕೇ ಆಗುತ್ತಿರಲಿಲ್ಲ. ಇವತ್ತು ಗಂಟೆ ಹೊಡೆಯುವ ಸರದಿ ಅವಳದು!

ಸೋಲದೇವನಹಳ್ಳಿ ಆಚೆಗಿನ ಆ ಸಣ್ಣ ಚರ್ಚಿನಲ್ಲಿ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಹೊಡೆಯುತ್ತಾರೆ. ಹೊಡೆಯುವುದು ಚೌರಪ್ಪ ತಾತನೇ. ಭಾನುವಾರ ಮಾತ್ರ ಐದನೇ ಕ್ಲಾಸಿನ ಮಕ್ಕಳಲ್ಲಿ ಒಬ್ಬರ ಕೈಗೆ ಹಗ್ಗ ಕೊಡುತ್ತಾರೆ. ಒಬ್ಬರಿಗೆ ವರ್ಷಕ್ಕೆ ಒಂದೇ ಸಲ. ಆ ದಿನ ಜ್ವರ ಬರಲಿ, ನೆಂಟರು ಬರಲಿ, "ತಪ್ಪಿದ್ರೆ ತಪ್ಪಿತು" ಅನ್ನುವುದು ತಾತನ ಕಾನೂನು. ಆರನೇ ಕ್ಲಾಸಿಗೆ ಹೋದಮೇಲೆ ಯಾರೂ ಹಗ್ಗ ಕೇಳುವ ಹಾಗಿಲ್ಲ. ಇನ್ನೇನು ಪರೀಕ್ಷೆ, ಆಮೇಲೆ ರಜಾ. ಈ ವರ್ಷಕ್ಕೆ ಲೂರ್ದುವಿನದೇ ಕೊನೇ ಸರದಿ.

ಅವಳ ಅಣ್ಣ ಇನ್ನಾಸಿ ತನ್ನ ಸರದಿ ಮುಗಿಸಿ ಎಷ್ಟೋ ಕಾಲವಾಗಿದ್ದರೂ ಇವತ್ತಿಗೂ ಅದನ್ನೇ ಕೊಚ್ಚಿಕೊಳ್ಳುತ್ತಾನೆ. "ನೀನ್ ಕಡ್ಡಿ ಥರ ಇದೀಯ ಕಣೇ. ಗಂಟೆ ನಿನ್ನನ್ನೇ ಮೇಲಕ್ಕೆ ಎಳ್ಕೊಂಡು ಹೋಗುತ್ತೆ, ನೋಡ್ತಿರು!" ಅಂತ ವಾರವೆಲ್ಲ ರೇಗಿಸಿದ್ದ. ಲೂರ್ದು ಬಿಡುತ್ತಾಳಾ? ಬಟ್ಟೆ ಒಣಗಿಸೋ ಹಗ್ಗ ಜಗ್ಗಿ ಜಗ್ಗಿ ಪ್ರಾಕ್ಟೀಸ್ ಮಾಡಿದಳು. ಅಮ್ಮನ ಸೀರೆಗಳೆಲ್ಲ ಮಣ್ಣಿಗೆ ಬಿದ್ದವು. ಇವಳ ಬೆನ್ನಿಗೂ ಒಂದು ಬಿತ್ತು. ಪರವಾಗಿಲ್ಲ, ಮೊದಲು ನಿಧಾನಕ್ಕೆ ಎಳೆದು ಆಮೇಲೆ ಹಗ್ಗ ಸಡಿಲ ಬಿಡಬೇಕು ಅನ್ನೋದು ಕೈಗೆ ಕೂತಿತ್ತು.

ಅಷ್ಟರಲ್ಲಿ ನಿನ್ನೆ ಬೆಂಕಿ ಬಿತ್ತು.

ಈ ವರ್ಷ ಮಳೆ ಕೈಕೊಟ್ಟಿತ್ತು. ಕೆರೆ ಕಡೆಯ ಹುಲ್ಲುಗಾವಲೆಲ್ಲ ಒಣಗಿ ಗರಿಗರಿ ಆಗಿತ್ತು. ಎಲ್ಲಿಂದ ಕಿಡಿ ಬಿತ್ತೋ ಯಾರಿಗೂ ಗೊತ್ತಿಲ್ಲ. ಗಾಳಿ ಬೇರೆ. ನೋಡ್ತಾ ನೋಡ್ತಾ ಹುಲ್ಲೆಲ್ಲ ಹತ್ತಿಕೊಂಡು, ಬೆಂಕಿ ನೀಲಗಿರಿ ತೋಪಿಗೆ ನುಗ್ಗಿತು. ಚರ್ಚಿನ ಎದುರು ಮನೆ ದ್ರೌಪದಮ್ಮಜ್ಜಿಯ ಹುಲ್ಲಿನ ಮೆದೆ ಸುಟ್ಟುಹೋಯಿತು, ಹಸುವಿನ ಕೊಟ್ಟಿಗೆಯೂ ಸುಟ್ಟುಹೋಯಿತು. ಹಸು ಗೌರಿಯನ್ನು ಹೇಗೋ ಬಿಚ್ಚಿ ಓಡಿಸಿದ್ದರು, ಸದ್ಯ!

ಲೂರ್ದುವಿನ ಮನೆ ಇರುವುದು ತೋಪಿನ ಪಕ್ಕದ ಬೀದಿಯಲ್ಲೇ. ಅವಳಿಗೆ ಎಷ್ಟು ಭಯವಾಗಿತ್ತು ಅಂದರೆ, ಸ್ಕೂಲ್ ಬ್ಯಾಗ್ ಅಪ್ಪಿಕೊಂಡು ಚರ್ಚಿನ ಬೆಂಚಿನ ಮೇಲೇ ಕೂತುಬಿಟ್ಟಿದ್ದಳು. ಫೈರ್ ಎಂಜಿನ್‌ನವರು ರಾತ್ರಿಯೆಲ್ಲ ಹೊಗೆಯಲ್ಲಿ ಒದ್ದಾಡಿ, ಬೆಂಕಿ ಬೀದಿಗೆ ಬರದ ಹಾಗೆ ತಡೆದರು.

ಬೆಳಗಿನ ಪೂಜೆ ಮುಗಿಯುವ ಹೊತ್ತಿಗೆ ಅವರು ಚರ್ಚಿನ ಹತ್ತಿರ ಬಂದರು. ಮುಖ ಯಾವುದು, ಮಸಿ ಯಾವುದು ಗೊತ್ತಾಗುತ್ತಿರಲಿಲ್ಲ. ಬೂದಿ ಅಡಿಯಲ್ಲಿ ಇನ್ನೂ ಕೆಂಡ ಇದೆಯಂತೆ. ಗಾಳಿ ಎದ್ದರೆ ಮತ್ತೆ ಹೊತ್ತಿಕೊಳ್ಳಬಹುದಂತೆ. ಅದಕ್ಕೇ ಸಂಜೆವರೆಗೂ ಇಲ್ಲೇ ಇರಬೇಕಂತೆ.

ಫಾದರ್ ಜನರ ಕಡೆ ತಿರುಗಿ, "ಇವತ್ತು ಯಾರೂ ಮನೇಲಿ ಒಲೆ ಹಚ್ಬೇಡಿ. ಫೈರ್‌ನವರು, ಎದುರು ಮನೆಯವರು, ನಾವು, ಎಲ್ಲಾ ಇಲ್ಲೇ ಊಟ ಮಾಡೋಣ" ಅಂದರು. ಅಷ್ಟು ಹೇಳಿದ್ದೇ ತಡ, ಅಕ್ಕಿ ಬಂತು, ಬೇಳೆ ಬಂತು, ಯಾರದೋ ಮದುವೆಗೆ ಕೊಂಡಿದ್ದ ಡಬರಿ ಬಂತು. ಲೂರ್ದುವಿನ ಅಮ್ಮ ಬೀನ್ಸ್ ಹೆಚ್ಚಲು ಕೂತರು. ಫಾದರ್ ಮಾತ್ರ ಟೆಂಪೋ ಹತ್ತಿ, ಗೌರಿಗೆ ಹುಲ್ಲು ಹುಡುಕಿಕೊಂಡು ಹೊರಟರು.

ಲೂರ್ದು ಮಜ್ಜಿಗೆ ಜಗ್ಗು ಹಿಡಿದು ಮುಂದಕ್ಕೆ ಬಂದಳು. ಹೊಂಗೆ ಮರದ ಕೆಳಗೆ ದ್ರೌಪದಮ್ಮಜ್ಜಿ ಗೌರಿಯ ಬೆನ್ನು ನೀವುತ್ತಾ ಕೂತಿದ್ದರು.

"ಏನಮ್ಮಿ, ಗಂಟೆ ಒಡೆಯೋದು ಇವತ್ತೇ ಅಲ್ವಾ?"

"ಹೂಂ ಅಜ್ಜಿ, ಹನ್ನೆರಡಕ್ಕೆ!"

"ಒಡಿ, ಒಡಿ. ನಿನ್ ಗಂಟೆ ಕೇಳೇ ಬಿಪಿ ಮಾತ್ರೆ ನುಂಗ್ತೀನಿ. ಎಲ್ಲಾ ಓಯ್ತು, ಅದೊಂದಾದ್ರೂ ಕಿವಿ ತುಂಬಾ ಕೇಳ್ತೀನಿ."

ಲೂರ್ದು ಉಬ್ಬಿಹೋದಳು.

ಚರ್ಚಿನ ಮುಂದಿನ ಜಗುಲಿಯಲ್ಲಿ ಫೈರ್‌ನವರು ಕಾಲು ಚಾಚಿದ್ದರು. ತಣ್ಣಗಿರುವ ಜಾಗ ಅಂದರೆ ಅದೊಂದೇ. ಗಂಟೆಯ ಹಗ್ಗ ಇಳಿಬಿದ್ದಿರುವುದೂ ಆ ಜಗುಲಿಯ ಮೂಲೆಯಲ್ಲೇ. ಕೆಲವರು ಆಗಲೇ ಗೊರಕೆ ಹೊಡೆಯುತ್ತಿದ್ದರು. ದಪ್ಪ ಮೀಸೆಯವರೊಬ್ಬರು ಮಾತ್ರ ಬೂಟು ಬಿಚ್ಚುತ್ತಿದ್ದರು. ಅಂಗಿಯ ಮೇಲೆ ಸಿದ್ರಾಮಪ್ಪ ಅಂತ ಹೆಸರಿತ್ತು.

ಅವರು ಮಜ್ಜಿಗೆ ಗಟಗಟ ಕುಡಿದು, ಬೂಟುಗಳನ್ನು ತಲೆಯ ಹತ್ತಿರ ಅಲ್ಲ, ಕಾಲಿನ ಹತ್ತಿರ ಜೋಡಿಸಿ ಇಟ್ಟರು. ಬೂಟಿನ ಬಾಯಿ ಅಗಲ ಮಾಡಿದರು, ಮೂತಿ ಹೊರಗಡೆ ತಿರುಗಿಸಿದರು.

"ಅದ್ಯಾಕೆ ಅಂಕಲ್ ಹಂಗೆ ಇಡ್ತೀರಾ?"

"ಅದಾ? ಸ್ಟೇಷನ್ನಿನಾಗ ಬೆಲ್ ಬಡೀತು ಅಂದ್ರ ಬೂಟು ಹುಡುಕ್ಕೋಂತ ಕೂಡಾಕ ಆಗ್ತದೇನು ತಂಗಿ? ಕಾಲು ತಾನ ಹೋಗಿ ಅದರಾಗ ಕೂಡಬೇಕು."

"ನಿದ್ದೆ ಮಾಡ್ತಿದ್ರೂ?"

"ನಿದ್ದ್ಯಾಗೂ! ನಮ್ಮ ಮನಿ ಮುಂದ ಹುಡುಗ್ರು ಸೈಕಲ್ ಬೆಲ್ ಹೊಡದ್ರ ನಾ ಎದ್ದು ಬಾಗಿಲದಾಗ ನಿಂತಿರ್ತೀನಿ. ನಮ್ಮ ಮನ್ಯಾಕಿ ಬಿದ್ದು ಬಿದ್ದು ನಗ್ತಾಳ."

ಲೂರ್ದುವೂ ನಕ್ಕಳು. "ಅಂಕಲ್, ಇವತ್ತು ಹನ್ನೆರಡಕ್ಕೆ ನಾನೇ ಗಂಟೆ ಹೊಡಿಯೋದು, ಗೊತ್ತಾ?"

"ಹೌದೇನು? ಭೇಷ್! ಜೋರ್ ಬಡಿ ಮತ್ತ" ಅಂದರು ಸಿದ್ರಾಮಪ್ಪ. ಮಾತು ಮುಗಿಯುವ ಮುಂಚೆ ಅವರ ಕಣ್ಣು ಮುಚ್ಚಿಕೊಂಡವು.

ಅಂತೂ ಇಂತೂ ಹನ್ನೆರಡು ಹತ್ತಿರ ಬಂತು. "ಹೋಗಮ್ಮ, ನೀನೇ ಹೊಡಿ. ನಾನು ಅನ್ನ ಬಸೀಬೇಕು" ಅಂತ ತಾತ ಹಿಂದಿನಿಂದಲೇ ಕೂಗಿದರು. ಲೂರ್ದು ಕೈ ತೊಳೆದು, ಲಂಗಕ್ಕೆ ಒರೆಸಿಕೊಂಡು, ಜಗುಲಿಗೆ ಓಡಿದಳು. ಮಲಗಿದವರನ್ನು ದಾಟಿಕೊಂಡು ಮೂಲೆಗೆ ಹೋಗಿ ಹಗ್ಗ ಹಿಡಿದಳು. ಎಷ್ಟು ದಪ್ಪ ಹಗ್ಗ! ಒಂದು ಕೈಗೆ ಸಿಗುವುದೇ ಇಲ್ಲ. ಬಾಗಿಲ ಮೇಲಿನ ಗಡಿಯಾರ ನೋಡುತ್ತಾ ನಿಂತಳು.

ಆಗ ಹಿಂದುಗಡೆ ಯಾರದೋ ಕೈಯಿಂದ ಪಾತ್ರೆಯ ಮುಚ್ಚಳ ಜಾರಿತು. ಠಣ್!

ಸಿದ್ರಾಮಪ್ಪ ಧಡಕ್ಕನೆ ಎದ್ದು ಕೂತರು. ಕಣ್ಣು ಇನ್ನೂ ತೆರೆದಿರಲಿಲ್ಲ, ಒಂದು ಕಾಲು ಮಾತ್ರ ಆಗಲೇ ಬೂಟಿನೊಳಗೆ! ಪಕ್ಕದಲ್ಲಿದ್ದ ಇನ್ನೊಬ್ಬರು ನಿದ್ದೆಯಲ್ಲೇ ನೆಲ ತಡಕಾಡಿದರು. ಮತ್ತೆ ಸದ್ದು ಬರಲಿಲ್ಲ. ಸಿದ್ರಾಮಪ್ಪ ಏನೋ ಗೊಣಗಿ, ಬೂಟಿನ ಸಮೇತ ಹಾಗೇ ಹಿಂದಕ್ಕೆ ಒರಗಿ ಮಲಗಿಬಿಟ್ಟರು.

ಲೂರ್ದುವಿನ ಕೈ ಹಗ್ಗದ ಮೇಲೇ ನಿಂತಿತು.

ಒಂದು ಮುಚ್ಚಳಕ್ಕೇ ಹೀಗೆ. ಇನ್ನು ಗಂಟೆ ಹೊಡೆದರೆ?

ಗಡಿಯಾರದ ಮುಳ್ಳು ಇನ್ನೇನು ಹನ್ನೆರಡಕ್ಕೆ ಬರಬೇಕು. ಇದೊಂದೇ ದಿನ. ಇದು ಬಿಟ್ಟರೆ ಯಾವತ್ತೂ ಇಲ್ಲ. ಹೊಡೆದುಬಿಟ್ಟರೆ ಯಾರೂ ಬೈಯುವುದಿಲ್ಲ, ತಾತನೇ ಹೊಡಿ ಅಂದಿದ್ದಾರೆ, ಇವರೂ ಜೋರ್ ಬಡಿ ಅಂದಿದ್ದಾರೆ. ಲೂರ್ದು ಹಗ್ಗವನ್ನು ಬಿಗಿಯಾಗಿ ಹಿಡಿದಳು. ಸಿದ್ರಾಮಪ್ಪನವರ ಒಂದು ಕಾಲಿನಲ್ಲಿ ಬೂಟು, ಇನ್ನೊಂದರಲ್ಲಿ ತೂತು ಬಿದ್ದ ಸಾಕ್ಸು. ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ರಾತ್ರಿಯೆಲ್ಲ ಅವಳ ಬೀದಿಯ ಮುಂದೆ ನಿಂತಿದ್ದ ಕಾಲು ಅದು.

ಅವಳಿಗೆ ಅಳು ಬಂತು. ನಿಜವಾಗಿಯೂ ಬಂತು. ಮೇಲೆ ಗಂಟೆ ಅಲುಗಾಡದ ಹಾಗೆ, ಬೆರಳು ಒಂದೊಂದಾಗಿ ಬಿಡಿಸಿ, ಹಗ್ಗವನ್ನು ಬಿಟ್ಟಳು.

ಬಿಟ್ಟಮೇಲೆ ಇನ್ನೊಂದು ನೆನಪಾಯಿತು. ಅಯ್ಯೋ, ಅಜ್ಜಿ ಮಾತ್ರೆ!

ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಇಳಿದಳು. "ಅಜ್ಜಿ, ಹನ್ನೆರಡಾಯ್ತು. ಮಾತ್ರೆ ತಗೊಳ್ಳಿ."

"ಯಾಕಮ್ಮಿ, ಗಂಟೆ ಒಡೀಲಿಲ್ಲ? ಇಷ್ಟೊತ್ತೂ ಕಿವಿ ಅಲ್ಲೇ ಇಟ್ಟಿದ್ನಲ್ಲ?"

"ಅವರೆಲ್ಲ ಮಲ್ಗಿದಾರೆ ಅಜ್ಜಿ."

ಅಜ್ಜಿ ಜಗುಲಿಯ ಕಡೆ ನೋಡಿದರು. ಇವಳ ಮುಖ ನೋಡಿದರು. ಸೆರಗಿನ ಗಂಟು ಬಿಚ್ಚಿ ಮಾತ್ರೆ ತೆಗೆದು ನುಂಗಿದರು.

ಲೂರ್ದು ನಿಲ್ಲಲಿಲ್ಲ. ಮುನಿಶಾಮಿ ಅಂಕಲ್ ಗುಲಾಬಿ ತೋಟಕ್ಕೆ ಬಿಟ್ಟ ಮೋಟರನ್ನು ಆಫ್ ಮಾಡುವುದು ಈ ಗಂಟೆ ಕೇಳಿಯೇ. ಹೋಗಿ ನೋಡಿದರೆ ತೊಟ್ಟಿ ಆಗಲೇ ತುಂಬಿ ಚೆಲ್ಲುತ್ತಿತ್ತು! "ಅಂಕಲ್, ಮೋಟ್ರು!" ಅಂತ ಕೂಗಿ, ಅಲ್ಲಿಂದ ಪಂಕ್ಚರ್ ಅಂಗಡಿಗೆ ಓಡಿದಳು. ಮುಕ್ತಾರ್ ಅಂಕಲ್ ಟ್ಯೂಬು ನೀರಿಗೆ ಅದ್ದುತ್ತಿದ್ದವರು ತಲೆ ಎತ್ತಿದರು. "ಬೆಲ್ಲೇ ಆಗ್ಲಿಲ್ವಲ್ಲಾ ಬೇಟಾ, ಊಟಕ್ಕೆ ಹೋಗ್ಲೋ ಬೇಡ್ವೋ ಅಂತಿದ್ದೆ."

"ಹೋಗಿ ಅಂಕಲ್, ಹನ್ನೆರಡಾಯ್ತು. ಇವತ್ತು ಚರ್ಚಲ್ಲೇ ಊಟ, ಬನ್ನಿ!"

ಏದುಸಿರು ಬಿಡುತ್ತಾ ವಾಪಸ್ ಬಂದರೆ, ಚೌರಪ್ಪ ತಾತ ಸೌಟು ಹಿಡಿದುಕೊಂಡೇ ಜಗುಲಿ ಹತ್ತಿರ ಬರುತ್ತಿದ್ದರು. ಮುಖ ಕೆಂಪಗಾಗಿತ್ತು.

"ಏನೇ ಇದು? ನನ್ನ ಜೀವಮಾನದಲ್ಲಿ ಮಧ್ಯಾಹ್ನದ ಗಂಟೆ ತಪ್ಪಿಸಿದವನಲ್ಲ ನಾನು! ನಿನ್ನ ಕೈಗೆ ಕೊಟ್ರೆ..."

ಲೂರ್ದು ಬಾಯಿಯ ಮೇಲೆ ಬೆರಳಿಟ್ಟು, "ಶ್ಶ್" ಅಂದಳು. ಜಗುಲಿಯ ಕಡೆ ಕೈ ತೋರಿಸಿದಳು. ತಾತ ಸಾಲಾಗಿ ಇಟ್ಟಿದ್ದ ಬೂಟುಗಳನ್ನು ನೋಡಿದರು. ಒಂದೇ ಬೂಟು ಹಾಕಿಕೊಂಡು ಮಲಗಿದ್ದ ಸಿದ್ರಾಮಪ್ಪನವರನ್ನೂ ನೋಡಿದರು.

"ಮುಚ್ಚಳ ಬಿದ್ದಿದ್ದಕ್ಕೇ ಎದ್ದುಬಿಟ್ರು ತಾತ" ಅಂತ ಅವಳು ಪಿಸುಗುಟ್ಟಿದಳು.

ತಾತ ಎತ್ತಿದ್ದ ಸೌಟು ಕೆಳಗಿಳಿಸಿದರು. ಆಮೇಲೆ ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಹೋಗಿ, ಹಗ್ಗವನ್ನು ಯಾರ ಕೈಗೂ ಎಟುಕದ ಹಾಗೆ ಮೇಲಿನ ಮೊಳೆಗೆ ಸುತ್ತಿ ಬಂದರು. ಸರದಿಯ ಬಗ್ಗೆ ಅವರೂ ಮಾತೆತ್ತಲಿಲ್ಲ, ಲೂರ್ದುವೂ ಕೇಳಲಿಲ್ಲ. ಸೌಟು ಮಾತ್ರ ಅವಳ ಕೈಗೆ ಕೊಟ್ಟು, "ಬಾ, ಸಾರಿಗೆ ಉಪ್ಪು ಸಾಕಾ ನೋಡು" ಅಂದರು. ಉಪ್ಪು ನೋಡುವ ಕೆಲಸವನ್ನು ಅವರು ಯಾರಿಗೂ ಕೊಟ್ಟವರಲ್ಲ.

ಫೈರ್‌ನವರು ಎದ್ದಾಗ ಬಿಸಿಲು ವಾಲಿತ್ತು. ಫಾದರ್ ತಂದ ಹುಲ್ಲನ್ನು ಗೌರಿ ಮೇಯುತ್ತಿತ್ತು. ಎಲ್ಲರೂ ಹೊಂಗೆ ಮರದ ನೆರಳಲ್ಲಿ ಸಾಲಾಗಿ ಕೂತರು. ದ್ರೌಪದಮ್ಮಜ್ಜಿಯ ಪಕ್ಕ ಮುಕ್ತಾರ್ ಅಂಕಲ್, ಅವರ ಪಕ್ಕ ಸಿದ್ರಾಮಪ್ಪ. ಲೂರ್ದು ಸಾರು ಬಡಿಸುತ್ತಾ ಬಂದಳು.

ಸಿದ್ರಾಮಪ್ಪ ಅನ್ನ ಕಲಸುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿದರು. "ತಂಗಿ, ನೀ ಹನ್ನೆರಡಕ್ಕ ಗಂಟಿ ಬಡೀತೀನಿ ಅಂದಿದ್ದಿ ಹೌದಿಲ್ಲೋ? ಬಡದೇನು?"

ಸಾಲಿನಲ್ಲಿ ಎಲ್ಲರೂ ಲೂರ್ದುವನ್ನು ನೋಡಿದರು. ಇನ್ನಾಸಿ ಬಾಯಿ ತೆರೆದ. ತಾತ ಅವನ ತೊಡೆಗೆ ಮೆಲ್ಲಗೆ ಚಿವುಟಿದರು.

"ಯಾಕೆ ಅಂಕಲ್, ಕೇಳಿಸ್ಲಿಲ್ವಾ?" ಅಂದಳು ಲೂರ್ದು.

"ಇಲ್ಲವಾ!" ಸಿದ್ರಾಮಪ್ಪನವರಿಗೆ ನಂಬಲಿಕ್ಕೇ ಆಗಲಿಲ್ಲ. ಪಕ್ಕದವರ ಕಡೆ ತಿರುಗಿದರು. "ಏ, ಕೇಳಿದೇನಪಾ? ತಲಿ ಮ್ಯಾಗ ಗಂಟಿ ಬಡದ್ರೂ ನಂಗ ಎಚ್ಚರ ಆಗಿಲ್ಲ! ಎಷ್ಟ್ ವರ್ಷ ಆಗಿತ್ತೋ ಮಾರಾಯ, ಇಂಥಾ ನಿದ್ದಿ ಮಾಡಿ. ಮನ್ಯಾಕಿಗೆ ಹೇಳಿದ್ರ ಸುಳ್ಳ ಅಂತಾಳ ನೋಡು!"

ಮೀಸೆ ತುಂಬಾ ನಗುತ್ತಾ ಅವರು ತಟ್ಟೆ ಮುಂದೆ ಹಿಡಿದರು. ಲೂರ್ದುವಿಗೂ ನಗು ಬಂತು. ಅವಳು ಡಬರಿಯ ತಳದಿಂದ ಗಟ್ಟಿ ಬೇಳೆ ಎತ್ತಿ, ಅವರ ಅನ್ನದ ಮೇಲೆ ಇನ್ನೊಂದು ಸೌಟು ಹಾಕಿದಳು.