ಸಿನಿಮಾದೊಳಗಿನ ನನ್ನ ಕೂಗು

"ಆ ಹೆಂಗಸಿನ ಬಾಯಿಗೆ ಮಣ್ಣು ಹಾಕ" ಎಂದರು ಪಕ್ಕದ ಸೀಟಿನವರು.

ಆ ಹೆಂಗಸು ನಾನೇ. ಕತ್ತಲಲ್ಲಿ ಬಾಯಿ ಮುಚ್ಚಿಕೊಂಡು ಕೂತೆ.

ತೀರಿಕೊಂಡ ಗಾಯಕಿ ಸ್ಫೂರ್ತಿಯ ಮೇಲೆ ಮಾಡಿದ ಸಾಕ್ಷ್ಯಚಿತ್ರ ಅದು. ಪರದೆಯ ಮೇಲೆ ಅವಳು ಮೈಕು ಹಿಡಿದು ನಿಂತಿದ್ದಳು. ಮೈಮೇಲೆ ಕಪ್ಪು ಜಾಕೆಟ್ಟು, ಹಣೆಯ ತುಂಬ ಬೆವರು, ಕಣ್ಣಲ್ಲಿ ನೀರು. ಎಲ್ಲಿಂದಲೋ ಒಂದು ಹೆಣ್ಣುದನಿ "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಕೂಗುತ್ತಿತ್ತು. ಅದರ ಮೇಲೊಂದು ಅಳುವ ಪಿಟೀಲು. ಪಿಟೀಲಿನ ಮೇಲೆ ಗಡಸು ದನಿಯ ನಿರೂಪಣೆ: "ಅಭಿಮಾನಿಗಳ ಹಸಿವಿಗೆ ಕೊನೆಯಿರಲಿಲ್ಲ. ದಣಿದ ಆ ಕೊರಳನ್ನು ಅವರು ಬಿಡಲಿಲ್ಲ."

ಸುಳ್ಳು. ಅಪ್ಪಟ ಸುಳ್ಳು.

ನಾನು ಭದ್ರಾವತಿಯ ಹುಡುಗಿಯರ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಹೆಸರು ಬಸವರಾಜೇಶ್ವರಿ. ಮೈದಾನದ ಈ ತುದಿಯಲ್ಲಿ ನಾನು ಕೂಗಿದರೆ ಆ ತುದಿಯ ಹುಡುಗಿಯರಷ್ಟೇ ಅಲ್ಲ, ಬೇಲಿಯಾಚೆ ಹೋಗುವ ಎಮ್ಮೆಗಳೂ ನಿಲ್ಲುತ್ತವೆ. ನಮ್ಮ ಯಜಮಾನರು ಶಿವನ ಪಾದ ಸೇರಿದ ವರ್ಷ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಸ್ಫೂರ್ತಿಯ ಕ್ಯಾಸೆಟ್ಟು. ಅವಳ ಹಾಡು ಹಾಕಿ ಹುಡುಗಿಯರಿಂದ ಡ್ರಿಲ್ ಮಾಡಿಸುತ್ತಿದ್ದೆ. ಹೊಳಲೂರಿನ ಒಂದು ಹುಡುಗಿ ಜಾಕೆಟ್ಟು ತೊಟ್ಟು, ಕೂದಲು ಬಿಟ್ಟುಕೊಂಡು ಕನ್ನಡದಲ್ಲಿ ಪಾಪ್ ಹಾಡುವುದೆಂದರೆ ನನಗೆ ಹೆಮ್ಮೆ. ಅವಳು ಕಾಮಾಲೆಯಿಂದ ತೀರಿಕೊಂಡ ದಿನ ಲಿಂಗಪೂಜೆಗೆ ಕೂತು ಶಿವನೊಡನೆ ಜಗಳವಾಡಿದ್ದೆ.

ಆ ಕೂಗಿನ ಸತ್ಯ ಇಷ್ಟು. ತೊಂಬತ್ತೊಂಬತ್ತರ ಗಣಪತಿ ಹಬ್ಬಕ್ಕೆ ಭದ್ರಾವತಿಯಲ್ಲಿ ಅವಳ ಕಾರ್ಯಕ್ರಮ. ಯಾರೋ ವಿಡಿಯೊ ತೆಗೆಯುತ್ತಿದ್ದರು. ಹಾಡಿನ ಎತ್ತರದ ಒಂದು ಸಾಲಿನಲ್ಲಿ ಅವಳ ದನಿ ಒಡೆಯಿತು. ಹಿಂದಿನ ಸಾಲಿನ ಗಂಡುಹುಡುಗರು ಹೋ ಎಂದು ಊಳಿಟ್ಟರು. ಯಾರೋ ಬಾಳೆಹಣ್ಣಿನ ಸಿಪ್ಪೆ ಎಸೆದರು. ಅವಳು ಬೆನ್ನು ತಿರುಗಿಸಿ ಹೊರಟಳು. ಪಂದ್ಯದ ನಡುವೆ ಅಳುತ್ತ ಮೈದಾನ ಬಿಟ್ಟ ಹುಡುಗಿ ಮತ್ತೆ ಮೈದಾನಕ್ಕೆ ಇಳಿಯುವುದಿಲ್ಲ. ಅಂಥವರನ್ನು ನಾನು ಕಂಡಿದ್ದೇನೆ. ಎದ್ದು ನಿಂತು ಕೂಗಿದೆ. ಊಳು ಅಡಗುವ ತನಕ ಕೂಗಿದೆ. ಹೆಂಗಸರ ಸಾಲೆಲ್ಲ ನನ್ನ ಜೊತೆ ಕೂಗಿತು. ಅವಳು ತಿರುಗಿ ಬಂದಳು, ಹಾಡಿದಳು.

ಸಿನಿಮಾದವರು ಊಳನ್ನು ಕತ್ತರಿಸಿದ್ದರು. ಎರಡನೆಯ ಸಲ ಹಾಡಿದ್ದನ್ನೂ ಕತ್ತರಿಸಿದ್ದರು. ನನ್ನ ಕೂಗನ್ನು ಮಾತ್ರ ಉಳಿಸಿಕೊಂಡು, ಸತ್ತ ಹುಡುಗಿಯ ಕೊಲೆಯ ಪಾಪವನ್ನು ಅದರ ತಲೆಗೆ ಕಟ್ಟಿದ್ದರು.

ಕೊನೆಗೆ ಇನ್ನೊಂದು ಅನಾಹುತ. ಚಿತೆ ಧಗಧಗ ಉರಿಯುವ ದೃಶ್ಯ. ಸ್ಫೂರ್ತಿ ಕೊರಳಲ್ಲಿ ಲಿಂಗ ಧರಿಸಿದವಳು. ಅವಳನ್ನು ಹೊಳಲೂರಿನ ಮಣ್ಣಿನಲ್ಲಿ ಕೂರಿಸಿ, ವಿಭೂತಿಯಿಟ್ಟು ಸಮಾಧಿ ಮಾಡಿದ್ದು. ಯಾರದೋ ಚಿತೆಯನ್ನು ತಂದು ಇವಳಿಗೆ ಅಂಟಿಸಿದ್ದರು.

"ನಮ್ಮಲ್ಲಿ ಸುಡ್ತಾರೇನ್ರೀ?" ಎಂದರು ಪಕ್ಕದವರು, ಸಿಟ್ಟಿನಿಂದ, ನನ್ನ ಕಡೆ ತಿರುಗಿ.

"ಇಲ್ಲ" ಎಂದೆ. ಅಷ್ಟು ಮೆಲ್ಲಗೆ ನಾನು ಹುಟ್ಟಿದಾಗಿನಿಂದ ಮಾತಾಡಿರಲಿಲ್ಲ.

ದೀಪ ಹತ್ತಿತು. ಪಕ್ಕದವರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಿಳಿ ಅಂಗಿ, ದಪ್ಪ ಕನ್ನಡಕ. ಐವತ್ತೈದು ದಾಟಿದ ಮನುಷ್ಯ. ಶಿವನ ಹೆಸರು ಹೇಳಬೇಕಾದ ಬಾಯಲ್ಲಿ ಶಾಪ ಹಾಕಿದ್ದಾರೆ, ನೋಡಲು ಮಾತ್ರ ಸಾಧು. ನನಗೆ ಮೈ ಉರಿಯಿತು.

ದಸರಾ ರಜೆ. ಶಿವಮೊಗ್ಗದ ಆ ಟಾಕೀಸಿನಲ್ಲಿ ಒಂದು ವಾರ ಬೆಳಗಿನ ಆಟ ಅದೇ ಸಿನಿಮಾ. ಅದನ್ನು ಬೈಯುವುದಕ್ಕೆಂದೇ ಮರುದಿನವೂ ಭದ್ರಾವತಿಯಿಂದ ಬಸ್ಸು ಹತ್ತಿದೆ. ಅವರೂ ಬಂದಿದ್ದರು.

"ಮತ್ತೆ ಬಂದ್ರಾ? ಅಷ್ಟು ಚೆನ್ನಾಗಿದೆಯಾ?" ಎಂದು ಕನ್ನಡಕದ ಮೇಲಿನಿಂದ ನೋಡಿದರು.

"ದರಿದ್ರವಾಗಿದೆ."

"ಮತ್ತೆ?"

"ಅವಳ ಮುಖ ನೋಡೋಕೆ ಬೇರೆ ಎಲ್ಲಿ ಹೋಗ್ಲಿ?"

ಅವರು ಪಕ್ಕದ ಸೀಟಿನ ಧೂಳನ್ನು ಕರವಸ್ತ್ರದಿಂದ ಒರೆಸಿ, "ಕೂತ್ಕೊಳ್ಳಿ" ಎಂದರು.

ಹೆಸರು ಜಂಬಣ್ಣ. ದುರ್ಗಿಗುಡಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ಹೆಂಡತಿ ಸುಭದ್ರಮ್ಮ ಎರಡು ವರ್ಷದ ಹಿಂದೆ ಲಿಂಗೈಕ್ಯರಾದರು. ಅಂಗಡಿಯಲ್ಲಿ ಸ್ಫೂರ್ತಿಯ ಕ್ಯಾಸೆಟ್ಟು ಹಾಕುತ್ತಿದ್ದವರು ಆಕೆಯೇ.

"ಒಬ್ಬರ ಹಿಂದೆ ಒಬ್ಬರು ಹೋಗಿಬಿಟ್ರು" ಎಂದರು ಟಾಕೀಸಿನ ಎದುರಿನ ಹೋಟೆಲಿನಲ್ಲಿ. "ಮನೆಯವಳನ್ನಂತೂ ಶಿವ ಕರ್ಕೊಂಡ. ಈ ಹುಡುಗಿಯನ್ನ ಜನ ತಿಂದ್ರು. ಆ ಕೂಗಿದವಳು ಸಿಕ್ಕರೆ ಕೇಳ್ತೀನಿ, ನಿನಗೇನು ಅನ್ಯಾಯ ಮಾಡಿದ್ಲು ತಾಯಿ ಅಂತ."

ಕಾಫಿ ಲೋಟವನ್ನು ಕುಡಿಯದೆ ಕೆಳಗಿಟ್ಟೆ. ಆಗಲೇ ಹೇಳಬೇಕಿತ್ತು. ಆದರೆ ಅವರು ನನ್ನ ಲೋಟದ ಕಡೆ ನೋಡಿ, "ಬಿಸಿ ಇದ್ರೆ ಬಟ್ಟಲಿಗೆ ಬಗ್ಗಿಸ್ಕೊಳ್ಳಿ" ಎಂದು ತಮ್ಮ ಬಟ್ಟಲನ್ನು ಸರಿಸಿದರು. ಎಂಟು ವರ್ಷದಿಂದ ನನ್ನ ಕಾಫಿ ಬಿಸಿಯೋ ತಣ್ಣಗೋ ಎಂದು ಕೇಳಿದವರಿರಲಿಲ್ಲ. ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿಕೊಂಡೆ.

"ನೀವು ಟೀಚರ್ ಅಂದ್ರಲ್ಲ, ಹೊಲಿಗೆ ಟೀಚರಾ?"

ಹೌದೆನ್ನುವ ಹಾಗೆ ತಲೆ ಆಡಿಸಿದೆ.

ಆಮೇಲಿನ ಭಾನುವಾರಗಳೆಲ್ಲ ಹೀಗೇ. ತುಂಗೆಯ ದಂಡೆಯಲ್ಲಿ ನಡೆಯುವುದು, ಒಂದು ಕಾಫಿ, ಮತ್ತೆ ಆ ಸಿನಿಮಾವನ್ನು ಬೈಯುವುದು. ಪಿಟೀಲನ್ನು ಬೈದೆವು. ಚಿತೆಯನ್ನು ಬೈದೆವು. ಸ್ಫೂರ್ತಿಯ ಬಾಲ್ಯ ಎಂದು ಯಾವುದೋ ಹುಡುಗಿಯನ್ನು ಗದ್ದೆಯಲ್ಲಿ ಓಡಿಸಿದ್ದನ್ನು ಬೈದೆವು. ನಾನು ಬೈಯುವಾಗ ಅವರು ನಡಿಗೆ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನೋಡಿದರೆ ಹೊಳೆಯ ಕಡೆ ತಿರುಗುತ್ತಿದ್ದರು. ಕಿವಿಯ ತುದಿ ಕೆಂಪಾಗಿರುತ್ತಿತ್ತು. ಈ ವಯಸ್ಸಿನಲ್ಲಿ ಕೆಂಪಾಗುವ ಕಿವಿ! ನನಗೆ ನಗು ಬರುತ್ತಿತ್ತು. ಆ ನಗುವನ್ನೂ ಮೆಲ್ಲಗೆ ನಗುತ್ತಿದ್ದೆ.

ಮೆಲ್ಲಗೆ ಮಾತಾಡಿ ಮಾತಾಡಿ ಗಂಟಲು ನೋಯುತ್ತಿತ್ತು. ಭದ್ರಾವತಿಗೆ ಮರಳಿ, ಅಂಗಳದಲ್ಲಿ ಕಾಗೆ ಓಡಿಸುವ ನೆಪದಿಂದ ಒಮ್ಮೆ ಕೂಗಿದರೇ ಸಮಾಧಾನ. "ಏನಾಯ್ತು ಮಿಸ್?" ಎಂದು ಪಕ್ಕದ ತಮಿಳರ ಮನೆಯವರು ಓಡಿಬಂದರು.

"ಏನಿಲ್ಲ, ಕಾಗೆ" ಎಂದೆ.

"ಕಾಗೆ ಇನ್ನು ಈ ಬೀದಿಗೆ ಬರಾದಿಲ್ಲ ಬಿಡಿ" ಎಂದರು.

ಡಿಸೆಂಬರಿನ ಒಂದು ಭಾನುವಾರ ಜಂಬಣ್ಣನವರು ಕೊಡೆಯ ತುದಿಯಿಂದ ನೆಲ ಕೆದಕುತ್ತ ಹೇಳಿದರು:

"ಸಂಕ್ರಾಂತಿ ಕಳೆದ ಮೇಲೆ ನಿಮ್ಮ ಅಣ್ಣನವರ ಹತ್ರ ಒಂದು ಮಾತಾಡಬೇಕು ಅಂತಿದ್ದೀನಿ. ಮಗ ಸೊಸೆ ಒಪ್ಪಿದ್ದಾರೆ. ನಿಮಗೆ ಬೇಡ ಅಂದ್ರೆ ಈಗಲೇ ಬೇಡ ಅನ್ನಿ. ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎನ್ನುವಾಗ ಕೊಡೆಯ ತುದಿ ನೆಲದಲ್ಲಿ ಗೇಣುದ್ದ ಇಳಿದಿತ್ತು.

"ಯೋಚಿಸಿ ಹೇಳ್ತೀನಿ" ಎಂದೆ. ಯೋಚಿಸುವುದಕ್ಕೆ ಏನೂ ಇರಲಿಲ್ಲ. ನನ್ನ ದನಿ ತಿಳಿದ ದಿನ ಈ ಮನುಷ್ಯ ನನ್ನ ಮುಖ ನೋಡುವುದಿಲ್ಲ, ಅಷ್ಟೇ.

ಸಂಕ್ರಾಂತಿಗೆ ಮೊದಲೇ ಆ ಸಿನಿಮಾ ಭದ್ರಾವತಿಗೆ ಬಂತು. ಸಮುದಾಯ ಭವನದಲ್ಲಿ ಪ್ರದರ್ಶನ, ಕೊನೆಗೆ ನಿರ್ದೇಶಕರೊಂದಿಗೆ ಮಾತುಕತೆ. ಜಂಬಣ್ಣನವರೂ ಬಂದರು. "ಇವತ್ತು ಆ ಚಿತೆಯ ವಿಷಯ ಕೇಳೇ ಕೇಳ್ತೀನಿ" ಎಂದು ನನ್ನ ಪಕ್ಕ ಕೂತರು.

ನಿರ್ದೇಶಕ ಗುರುಪ್ರಸಾದ್ ಎಂಬ ತರುಣ. ಕುರುಚಲು ಗಡ್ಡ, ಖಾದಿ ಜುಬ್ಬ. ಚಿತೆಯ ವಿಷಯ ಕೇಳಿದ್ದಕ್ಕೆ, "ಅದು ಸಾವಿನ ಸಂಕೇತ ಸರ್" ಎಂದ.

"ಸಂಕೇತವನ್ನು ನಿಮ್ಮ ಮನೆಯಲ್ಲಿ ಹಚ್ಕೊಳ್ಳಿ" ಎಂದರು ಜಂಬಣ್ಣನವರು. ಸಭೆ ನಕ್ಕಿತು.

ಆ ನಗೆ ನಿಲ್ಲುವ ಮೊದಲೇ ಆತ ಹೇಳಿದ: "ನಿಮ್ಮ ಊರಿಗೆ ನಾನು ಒಂದು ಮಾತು ಹೇಳ್ಬೇಕು. ಈ ಊರಿನ ಆ ಒಂದು ಕೂಗು ಇಲ್ಲದಿದ್ರೆ ನನಗೆ ಸಿನಿಮಾನೇ ಸಿಕ್ತಿರ್ಲಿಲ್ಲ. ಅಭಿಮಾನ ಎಷ್ಟು ಕ್ರೂರ ಅನ್ನೋದಕ್ಕೆ ಅದೇ ಸಾಕ್ಷಿ."

ನಾನು ಎದ್ದು ನಿಂತೆ. "ಅವತ್ತು ಹುಡುಗರು ಊಳಿಟ್ಟಿದ್ದು ಯಾಕೆ ಕತ್ತರಿಸಿದ್ರಿ?" ಎಂದು ಕೇಳಿದೆ.

"ಕೇಳಿಸ್ತಿಲ್ಲ ಮೇಡಂ. ಮೈಕ್ ಕೊಡ್ಲಾ?"

ಪಕ್ಕಕ್ಕೆ ನೋಡಿದೆ. ಜಂಬಣ್ಣನವರು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಕೇಳಿ, ಹೆದರಬೇಡಿ ಎನ್ನುವ ಹಾಗೆ ಕಣ್ಣು ಮಿಟುಕಿಸಿದರು. ಆ ಕಣ್ಣಿನ ಸಲುವಾಗಿ ಕೂತುಬಿಡಬಹುದಿತ್ತು. ಕೂತಿದ್ದರೆ ಸಂಕ್ರಾಂತಿ ಕಳೆದು ನನಗೊಂದು ಮನೆ, ಬೆಳಿಗ್ಗೆ ಒಂದು ಜೊತೆ ಕಾಫಿ. ಆದರೆ ಸ್ಫೂರ್ತಿ ಅವತ್ತು ತಿರುಗಿ ಬಂದು ಹಾಡಿದ್ದು ಈ ಭೂಮಿಯ ಮೇಲೆ ನಡೆಯಲೇ ಇಲ್ಲ ಎಂದಾಗುತ್ತಿತ್ತು.

"ಮೈಕು ಬೇಡ" ಎಂದೆ. "ಒನ್ಸ್ ಮೋರ್!" ಎಂದು ಕೂಗಿದೆ. "ಒನ್ಸ್ ಮೋರ್! ಗುರುತು ಸಿಕ್ತಾ? ಆ ಕೂಗಿದವಳು ನಾನು. ಹುಡುಗರು ಊಳಿಟ್ಟು ಅವಳನ್ನ ಓಡಿಸಿದ್ರು, ಹೋಗಬೇಡ ಅಂತ ನಾನು ಕೂಗಿದೆ. ಆ ಊಳು ಎಲ್ಲಿ?"

ಆತ ತಡವರಿಸಿದ. "ಅದು... ಸತ್ತವರಿಗೆ ಅವಮಾನ ಆಗ್ಬಾರ್ದು ಅಂತ, ಮರ್ಯಾದೆಗೋಸ್ಕರ ತೆಗೆದ್ವಿ ಮೇಡಂ."

"ಅವಳ ಮರ್ಯಾದೆ ಇದ್ದಿದ್ದು ಆಮೇಲೆ ಬಂದು ಹಾಡಿದ್ರಲ್ಲಿ. ಅದೆಲ್ಲಿ?"

"ಅದು ಸ್ವಲ್ಪ ಉದ್ದ ಆಗ್ತಿತ್ತು."

"ಉದ್ದ ಆಗ್ತಿತ್ತು! ಚಿತೆ ಉರಿಸೋಕೆ ಜಾಗ ಇತ್ತು?"

ಹಿಂದಿನ ಸಾಲಿನಿಂದ ಒಬ್ಬರು, "ಹೌದು, ಟೀಚರ್ ಹೇಳೋದು ನಿಜ, ನಾನೂ ಇದ್ದೆ" ಎಂದರು. ಇನ್ನೊಬ್ಬರು ಎದ್ದರು. ಗದ್ದಲವಾಯಿತು. ನಾನು ಪಕ್ಕಕ್ಕೆ ತಿರುಗಿದಾಗ ಕುರ್ಚಿ ಖಾಲಿಯಿತ್ತು.

ಬಸ್ ಸ್ಟ್ಯಾಂಡಿಗೆ ಓಡಿದೆ. ಶಿವಮೊಗ್ಗದ ಬಸ್ಸಿನ ಕಿಟಕಿಯಲ್ಲಿ ಅವರು ಕೂತಿದ್ದರು. ಇಂಜಿನ್ ಗುರುಗುಡುತ್ತಿತ್ತು.

"ಹೇಳದೆ ಕೇಳದೆ ಎದ್ದು ಬರೋದು ಯಾವ ಮರ್ಯಾದೆ?" ಎಂದೆ. ಇನ್ನು ಮೆಲ್ಲಗೆ ಮಾತಾಡಿ ಉಳಿಸಿಕೊಳ್ಳುವುದು ಏನೂ ಇರಲಿಲ್ಲ. ಬಸ್ಸಿನ ಜನವೆಲ್ಲ ತಿರುಗಿತು.

ಅವರು ಮುಂದಿನ ಸೀಟನ್ನೇ ನೋಡುತ್ತ, "ಪಕ್ಕ ಕೂತು ನನ್ನ ಶಾಪ ಕೇಳಿಸ್ಕೊಂಡು ಸುಮ್ನಿದ್ರಲ್ಲ" ಎಂದರು.

"ಮಣ್ಣು ಹಾಕಿದ ಬಾಯಲ್ಲಿ ಏನು ಮಾತಾಡ್ಲಿ?"

"ಹೊಲಿಗೆ ಟೀಚರ್ ಅಂದ್ರಿ."

"ಅಂದಿದ್ದು ನೀವು. ನನಗೆ ಅಂಗಿಗೆ ಗುಂಡಿ ಹಚ್ಚೋಕೂ ಬರಲ್ಲ."

ಹಿಂದಿನ ಸೀಟಿನ ಮುದುಕಿ ಕಿಸಕ್ಕನೆ ನಕ್ಕಳು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಮೇಡಂ, ಹತ್ತೋ ಹಾಗಿದ್ರೆ ಹತ್ತಿ ಮಾರಾಯ್ರೇ, ಟೈಮಾಯ್ತು" ಎಂದ.

"ಒಂದು ನಿಮಿಷ ಇರಪ್ಪ!" ಎಂದೆ. ಅವನು ಬಾಗಿಲಿನ ಹಿಂದೆ ಸರಿದ.

ಜಂಬಣ್ಣನವರು ಈಗ ನನ್ನ ಕಡೆ ತಿರುಗಿದರು. ಕನ್ನಡಕ ತೆಗೆದಿದ್ದರು. "ಅವಳು ನಿಜವಾಗಿ ಹಾಡಿದ್ಲಾ? ಎರಡನೇ ಸಲ?"

"ಹಾಡಿದ್ಲು. ದನಿ ಒಡೆದ ಸಾಲು ಬಂದಾಗ ಕಣ್ಣು ಮುಚ್ಚಿದ್ಲು. ಮೈದಾನ ಪೂರ್ತಿ ಉಸಿರು ಹಿಡಿದಿತ್ತು. ಸರಾಗವಾಗಿ ದಾಟಿದ್ಲು. ಆಮೇಲೆ ಜಾಕೆಟ್ಟಿನ ತೋಳಲ್ಲಿ ಮೂಗು ಒರೆಸ್ಕೊಂಡು ನಕ್ಕಳು. ಊಳಿಟ್ಟವರೇ ಚಪ್ಪಾಳೆ ಹೊಡೆದ್ರು."

ಅವರು ಕನ್ನಡಕದ ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು. ಆಮೇಲೆ, "ಸುಭದ್ರ ಇದ್ದಿದ್ರೆ ಎಷ್ಟು ಸಂತೋಷಪಡ್ತಿದ್ಲು" ಎಂದರು.

"ಸರಿ, ಹೋಗಿ ಬನ್ನಿ" ಎಂದೆ. "ಸಂಕ್ರಾಂತಿಯ ಮಾತನ್ನ ನಾನು ಹಿಡ್ಕೊಂಡು ಕೂರಲ್ಲ. ನಿಮಗೆ ಬೇಕಾಗಿದ್ದು ಮೆಲ್ಲಗೆ ಮಾತಾಡೋ ಹೆಂಗಸು. ಅವಳು ಇಲ್ಲ."

"ಅವಳು ಯಾರಿಗೆ ಬೇಕಾಗಿತ್ತು?" ಎಂದರು.

ನಾನು ಕಿಟಕಿಯ ಸರಳು ಹಿಡಿದುಕೊಂಡೆ.

"ಸುಭದ್ರ ಹೋದಾಗಿನಿಂದ ಎಲ್ಲರೂ ನನ್ನ ಹತ್ರ ಆಸ್ಪತ್ರೆಯಲ್ಲಿ ಮಾತಾಡೋ ಹಾಗೆ ಮಾತಾಡ್ತಾರೆ. ಮಗ, ಸೊಸೆ, ಗಿರಾಕಿಗಳು. ಚೌಕಾಸಿ ಕೂಡ ಮೆಲ್ಲಗೆ. ನೀವೂ ಹಾಗೇ ಶುರು ಮಾಡಿದ್ರಿ. ಆ ಸಿನಿಮಾನ ಬೈಯುವಾಗ ಮಾತ್ರ ನಿಮ್ಮ ಕಣ್ಣಲ್ಲಿ ಬೆಂಕಿ ಕಾಣ್ತಿತ್ತು. ಆ ಬೆಂಕಿ ನೋಡೋಕೇ ನಾನು ಪ್ರತಿ ಭಾನುವಾರ ಆ ದರಿದ್ರ ಸಿನಿಮಾದ ಮಾತು ತೆಗೀತಿದ್ದೆ."

"ಮತ್ತೆ ಎದ್ದು ಬಂದಿದ್ಯಾಕೆ?"

"ನಾಚಿಕೆಯಾಯ್ತು, ರಾಜೇಶ್ವರಿ. ಯಾವ ಬಾಯಿ ಅವಳನ್ನ ಉಳಿಸಿತೋ ಆ ಬಾಯಿಗೆ ಅಂಥ ಮಾತಾಡಿದ್ನಲ್ಲ."

ಹೆಸರು ಹಿಡಿದು ಕರೆದದ್ದು ಅದೇ ಮೊದಲು. 

"ಯಜಮಾನ್ರೇ, ಇಳೀತೀರೋ ಕೂರ್ತೀರೋ?" ಎಂದ ಕಂಡಕ್ಟರ್, ಈ ಸಲ ತುಂಬ ಮರ್ಯಾದೆಯಿಂದ.

"ಇಳೀರಿ" ಎಂದೆ ನಾನು. "ಮೂರು ತಿಂಗಳಿಂದ ಬೈಯೋದನ್ನೆಲ್ಲ ನುಂಗಿದ್ದೀನಿ. ಕಿಟಕಿಯಲ್ಲಿ ಮುಗಿಯೋದಲ್ಲ."

ಕೊಡೆ ಹಿಡಿದುಕೊಂಡು ಅವರು ಇಳಿದರು. ಬಸ್ಸು ಹೋಯಿತು. ನಾನು ಬೈಯತೊಡಗಿದೆ, ನನ್ನ ಪೂರ್ತಿ ದನಿಯಲ್ಲಿ. ಅವರು ಬಹಳ ದಿನ ನೆರಳಲ್ಲಿದ್ದು ಬಿಸಿಲಿಗೆ ಬಂದವರ ಹಾಗೆ ಮುಖವೆತ್ತಿ ನಿಂತಿದ್ದರು.